ಕ್ರೆಬ್ಸನ ಪೀಪಾಯಿ

ಕಲ್ಲಟ್ಟಿ ಘಾಟಿಯ ತಿರುವಿನಲ್ಲಿ ಹಿಂದಿನ ಜೀಪು ನಮ್ಮ ಬಂಪರಿಗೆ ಗುದ್ದಿತು.

ಒಂದು ಕಡೆ ಬಂಡೆ. ಇನ್ನೊಂದು ಕಡೆ ಪ್ರಪಾತ...

ಗೇರ್ ಇಳಿಸಿದೆ. ಹೆದರಿಕೆಗಿಂತ ಸುಸ್ತೇ ಹೆಚ್ಚು, ಸಾರ್. ಊರಿನವರ ತಂಟೆ ತಕರಾರು ಬಗೆಹರಿಸಿಯೇ ಹೊಟ್ಟೆ ಹೊರೆದವನು ನಾನು. ಸಾಕಾಗಿಹೋಗಿದೆ.

ಪಕ್ಕದಲ್ಲಿ ಸಿಂಧುಜಾ. ಊಟಿಯಲ್ಲಿ ಹಳೇ ಪುಸ್ತಕದ ಅಂಗಡಿ ಇಟ್ಟವಳು. ಮಡಿಲಲ್ಲಿ ಹಳದಿ ಹಾಳೆಗಳ ಕಟ್ಟು.

"ಯಾರಮ್ಮ ಅವ್ನು?"

"ಶಕ್ತಿವೇಲ್. ಮಸಿನಗುಡಿ ಪಾದ್ರಿ ಮನೆ ಕೊಂಡ್ರಲ್ಲ, ಆ ರೆಸಾರ್ಟ್ ಓನರ್ ಕಡೆಯವ್ನು. ಮನೇಲಿದ್ದ ಜರ್ಮನ್ ಪುಸ್ತಕನೂ ತಮ್ದೇ ಅಂತಾರೆ."

"ನಿಜಕ್ಕೂ ಯಾರದ್ದು?"

"ಅಪ್ಪಂದು, ಮನು ಅಣ್ಣ. ಪಾದ್ರಿ ಸಾಯೋ ಮುಂಚೆ ಎಲ್ರೆದುರಿಗೇ ಕೊಟ್ಟಿದ್ದು."

ಅಪ್ಪ ಅಂದರೆ ಮಾದನ್ ಮೇಷ್ಟ್ರು. ಕ್ರೆಬ್ಸ್ ಎಂಬ ಹದಿನೆಂಟನೇ ಶತಮಾನದ ಜರ್ಮನ್ ಪುಸ್ತಕ ವ್ಯಾಪಾರಿಯ ಆತ್ಮಕತೆಯನ್ನು ಕನ್ನಡಕ್ಕೆ ತರುತ್ತಿದ್ದಾರೆ. ಅರ್ಧ ಮುಗಿದಿದೆ. ಉಳಿದರ್ಧದ ಮೂಲ ಈ ಕಟ್ಟಿನಲ್ಲಿದೆ. ಮೇಷ್ಟ್ರ ಕಣ್ಣೂ ಮಂಜಾಗುತ್ತಿದೆ. ಇದು ಕೈತಪ್ಪಿದರೆ ಮುದುಕ ಅಲ್ಲಿಗೇ ಮುಗಿದ.

"ಇದು ಪುಸ್ತಕವಾ? ರಟ್ಟೇ ಇಲ್ಲ."

"ಆಗೆಲ್ಲ ಬಿಡಿ ಹಾಳೇನೇ ಮಾರೋದು ಅಣ್ಣ. ರಟ್ಟು ಕೊಂಡವ್ನು ಹಾಕಿಸ್ಕೊಬೇಕು. ಪೀಪಾಯಿಲಿ ತುಂಬಿ ಗಾಡಿಲಿ ಕಳಿಸ್ತಿದ್ರು. ಒಂದ್ಸಲ ಕಳ್ಳಪ್ರಿಂಟ್ ಹೊಡೆಯೋರು ಹೊಸ ಪುಸ್ತಕ ಕದಿಯೋಕೆ ಕ್ರೆಬ್ಸನ ಗಾಡಿ ಅಡ್ಡ ಹಾಕಿದ್ರು. ಅವ್ನು ಮೊದ್ಲೇ ಹೊಸ ಪುಸ್ತಕದ ಹಾಳೇಲಿ ಪಿಂಗಾಣಿ ಸುತ್ತಿಟ್ಟಿದ್ದ. ಚರ್ಮದ ರಟ್ಟಿನ ಇನ್ಯಾವ್ದೋ ಪುಸ್ತಕ ಅವ್ರ ಕೈಗಿಟ್ಟ. ಅಪ್ಪ ಅಲ್ಲೀವರೆಗೆ ಬರ್ದಿದಾರೆ."

ಹಿಂದಿನ ಸೀಟು ನೋಡಿದೆ. ಪಾದ್ರಿಯ ಟೀ ಕಪ್ಪುಗಳ ಬುಟ್ಟಿ. ಪಕ್ಕದಲ್ಲಿ ಚರ್ಮದ ರಟ್ಟಿನ ದಪ್ಪ ಪುಸ್ತಕ.

"ಅದೇನು?"

"ಅದೂ ಜರ್ಮನ್ನೇ. ಕುದುರೆ ಕಾಯಿಲೆ ಬಗ್ಗೆ."

"ಹಿಂದೆ ಹೋಗು. ಕಪ್ ಸುತ್ತು."

ನಾಲ್ಕೈದು ತಿರುವು ಅವರನ್ನು ಆಟವಾಡಿಸಿದೆ. ಇಂಜಿನ್ ಏದುಸಿರು ಬಿಡುತ್ತಿತ್ತು, ನನ್ನ ಹಾಗೇ. ಕೊನೆಗೆ ಜೀಪು ಮುಂದೆ ಬಂದು ಅಡ್ಡ ನಿಂತಿತು.

ಶಕ್ತಿವೇಲ್ ಇಳಿದ. ಮಚ್ಚು ನನ್ನ ಕತ್ತಿಗೆ ಬಂತು.

"ಪುಸ್ತಕ ಎಲ್ಲಿ ತಂಬಿ?"

ಅವನು ಬುಟ್ಟಿಗೆ ಕೈ ಹಾಕಿದ. ಒಂದು ಕಪ್ ತೆಗೆದ... ಸುತ್ತಿದ್ದ ಹಾಳೆ ಬಿಚ್ಚಿದ... ಉಂಡೆ ಮಾಡಿ ಕಣಿವೆಯ ಕಡೆ ಎಸೆದ.

ಸಿಂಧುಜಾ ಅಲುಗಲಿಲ್ಲ. ಗಟ್ಟಿ ಹುಡುಗಿ!

ಆಮೇಲೆ ಚರ್ಮದ ರಟ್ಟು ಅವನ ಕಣ್ಣಿಗೆ ಬಿತ್ತು.

"ಬೇಡ ಅಣ್ಣಾ... ಅದೊಂದು ಬಿಟ್ಬಿಡು," ಎಂದು ಗೋಗರೆದೆ.

ಅವನು ನಕ್ಕ. "ಕಪ್ ಬೇಕಾದ್ರೆ ನೀನೇ ಇಟ್ಕೋ." ಪುಸ್ತಕ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ.

ಹಾಳೆ ಲಂಟಾನ ಪೊದೆಗೆ ಸಿಕ್ಕಿಕೊಂಡಿತ್ತು. ಇಳಿದು ತಂದೆ. ಮೈಯೆಲ್ಲ ಪರಚಿತು.

ಸಂಜೆ ಮೇಷ್ಟ್ರು ಆ ಮುದುರಿದ ಹಾಳೆಯನ್ನು ಮಂಡಿಯ ಮೇಲೆ ನೀವಿದರು. ಭೂತಗನ್ನಡಿ ಹಿಡಿದು ಕನ್ನಡದಲ್ಲೇ ಓದಿದರು.

"ಮರುದಿನ ಅವರು ತಿರುಗಿ ಬಂದರು. ಅವರಲ್ಲೊಬ್ಬ ಪುಸ್ತಕ ತೆರೆದು ನೋಡಿದ್ದ. ನನ್ನ ಅಂಗಡಿಗೆ ಬೆಂಕಿ ಇಟ್ಟರು..."

ಸಿಂಧುಜಾ ನನ್ನ ಮುಖ ನೋಡಿದಳು. ಎದ್ದು ಅಗುಳಿ ಹಾಕಿದೆ. ಬಾಗಿಲಿಗೆ ಒರಗಿ ಕೂತೆ.

ಆ ರಾತ್ರಿ ಯಾರೂ ಬರಲಿಲ್ಲ. ಮರುದಿನವೂ ಇಲ್ಲ.

ಮೇಷ್ಟ್ರು ಕ್ರೆಬ್ಸನ ಕತೆ ಪೂರ್ತಿ ಮುಗಿಸಿದರು. ಕುದುರೆ ಕಾಯಿಲೆಯ ಪುಸ್ತಕ ರೆಸಾರ್ಟಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ.

ನಮ್ಮ ಕಾಲದ ಕಳ್ಳರು ಪುಸ್ತಕ ತೆರೆಯುವುದಿಲ್ಲ, ಸಾರ್.