ಆರು ಚೀಲ ಕಸದ ಕಳವು

ಕಸ ಕಳವಾಗಿತ್ತು.

ಹೀಗೆಂದರೆ ಯಾರೂ ನಂಬುವುದಿಲ್ಲ. ಇನ್ಸ್‌ಪೆಕ್ಟರಮ್ಮನೂ ಮೊದಲು ನಂಬಲಿಲ್ಲ. ಪೊಲೀಸ್ ಕೆಲಸದಲ್ಲಿದ್ದಾಗ ಆಕೆ ಕಂಡ ಕಳವುಗಳು ಒಂದೆರಡಲ್ಲ. ಒಬ್ಬ ಮಹಾಶಯ ರೋಡ್ ರೋಲರನ್ನೇ ಕದ್ದು ಓಡಿಸಿಕೊಂಡು ಹೋಗಿದ್ದ. ಅದರ ವೇಗಕ್ಕೆ ಬೇಸತ್ತು, ಅರ್ಧ ದಾರಿಯಲ್ಲಿ ತಾನೇ ಠಾಣೆಗೆ ಫೋನ್ ಮಾಡಿ, ‘ಬೇಗ ಬಂದು ಹಿಡೀರಿ ಸ್ವಾಮಿ, ಊಟಕ್ಕೆ ಹೊತ್ತಾಯ್ತು’ ಎಂದಿದ್ದ. ಅಂಥವನನ್ನೂ ನಂಬಬಹುದು. ಆದರೆ ಬೀಗ ಹಾಕಿದ ಗೋದಾಮಿಗೆ ನುಗ್ಗಿ, ದುಬಾರಿ ಹೊಸ ಪ್ಲಾಸ್ಟಿಕ್ ತುಂಬಿದ ಚೀಲಗಳನ್ನು ಮೂಸಿಯೂ ನೋಡದೆ, ಪಕ್ಕದಲ್ಲಿದ್ದ ಆರು ಚೀಲ ಕಸ ಎತ್ತಿಕೊಂಡು ಹೋದ ಕಳ್ಳನ ಸುದ್ದಿ ಕೇಳಿದ್ದು ಇದೇ ಮೊದಲು.

ಕಸವೆಂದರೆ ಹಳೆಯ ಕಂಪ್ಯೂಟರುಗಳ ಮೈ ಒಡೆದು, ತೊಳೆದು, ಚೂರು ಮಾಡಿದ ಕಪ್ಪು ಪ್ಲಾಸ್ಟಿಕ್. ಆ ಗೋದಾಮಿದ್ದ ಕಾರ್ಖಾನೆ ಇದನ್ನು ಹೊಸದರ ಜೊತೆ ಕರಗಿಸಿ, ಕಂಪ್ಯೂಟರ್ ಪರದೆಗಳ ಬೆನ್ನಿನ ಡಬ್ಬ ಮಾಡುತ್ತಿತ್ತು. ಕೊಳ್ಳುವುದು ಒಂದು ದೊಡ್ಡ ಕಂಪನಿ. ಕಂಪನಿಗೆ ಪರಿಸರಸ್ನೇಹಿ ಎಂಬ ಹಸಿರು ಲೇಬಲ್ ಬೇಕು. ಲೇಬಲ್ಲಿನ ನಿಯಮಗಳೋ, ಬೆಳೆಯುವ ಮಕ್ಕಳ ಹಾಗೆ. ಹೋದ ವರ್ಷ ಹೊಲಿಸಿದ ಅಂಗಿ ಈ ವರ್ಷ ಆಗುವುದಿಲ್ಲ. ಹೋದ ವರ್ಷ ಕಾಲು ಭಾಗ ಹಳೇ ಪ್ಲಾಸ್ಟಿಕ್ ಸಾಕಿತ್ತು. ಈ ವರ್ಷ ಅರ್ಧ ಇರಬೇಕು. ಮೇಲೆ ಬಣ್ಣ ಬಳಿಯುವಂತೆಯೂ ಇಲ್ಲ. ಬಳಿದರೆ ಮುಂದೆ ಅದನ್ನು ಮತ್ತೆ ಕರಗಿಸುವುದು ಕಷ್ಟ.

ಸರಕು ಕೊಡುವವರನ್ನೆಲ್ಲ ಈ ಹೊಸ ಅಂಗಿಗೆ ತಯಾರು ಮಾಡಲು ಕಂಪನಿ ಇಟ್ಟುಕೊಂಡಿದ್ದು ಇನ್ಸ್‌ಪೆಕ್ಟರಮ್ಮನನ್ನು. ಕಳ್ಳರ ಹಿಂದೆ ಓಡಿ ಮೊಣಕಾಲು ಸವೆದ ಮೇಲೆ ಆಕೆ ಈ ಕೆಲಸ ಹಿಡಿದಿದ್ದಳು. ಪ್ಲಾಸ್ಟಿಕ್ ಓಡುವುದಿಲ್ಲ ಎಂಬ ನಂಬಿಕೆ ಇತ್ತು. ಈಗ ಅದೂ ಓಡಿತ್ತು.

“ಮಧ್ಯಾಹ್ನ ಆಡಿಟರ್ ಬರ್ತಾರೆ,” ಎಂದಳು ಅಕ್ಕ. ಕಾರ್ಖಾನೆಯ ಒಡತಿ. ಎಲ್ಲರಿಗೂ ಅಕ್ಕ. “ಅವರ ಕಣ್ಣೆದುರೇ ಚೀಲದ ಸೀಲ್ ಒಡೆದು, ಕಸ ಸುರಿದು, ಡಬ್ಬ ತೆಗೀಬೇಕು. ಇಲ್ಲಾಂದ್ರೆ ಲೇಬಲ್ ಇಲ್ಲ, ಆರ್ಡರೂ ಇಲ್ಲ. ಎರಡನೇ ಪಾಳಿ ಮುಚ್ಚಬೇಕು ಮೇಡಂ. ಆ ಹೆಂಗಸರಿಗೆಲ್ಲ ಏನಂತ ಹೇಳ್ಲಿ? ಕಸ ಸಿಗ್ಲಿಲ್ಲ, ಮನೇಗೆ ಹೋಗ್ರಮ್ಮಾ ಅಂತಲಾ?”

“ಗುಜರಿಯವನಿಂದ ಬೇರೆ ತರಿಸಿ.”

“ಕೇಳ್ದೆ. ಸೀಲ್ ಹಾಕಿದ್ದು ಬರೋಕೆ ಇನ್ನೊಂದು ವಾರ ಆಗುತ್ತಂತೆ. ‘ನನ್ನ ಕಸಾನೂ ಕದಿಯೋ ಕಾಲ ಬಂತಾ’ ಅಂತ ಸಂತೋಷದಲ್ಲಿ ಅಳ್ತಿದ್ದ.”

ಅಕ್ಕನ ಹಿಂದೆ ಅವಳ ಸೋದರಮಾವ ನಿಂತಿದ್ದರು. ಅಚ್ಚಿನ ಯಂತ್ರಗಳ ಯಜಮಾನರು. ಇಡೀ ಕಾರ್ಖಾನೆಗೆ ಮಾವ. ಅವರ ಅಚ್ಚಿನಿಂದ ಬಂದ ಡಬ್ಬ ಎಷ್ಟು ನುಣುಪೆಂದರೆ, ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆಯಬಹುದಂತೆ. ಒಬ್ಬ ಕೆರೆದುಕೊಂಡೂ ಇದ್ದ. ಗಾಯದ ಗುರುತು ಈಗಲೂ ತೋರಿಸುತ್ತಾನೆ.

“ಆಡಿಟರ್ ನಾಳೆ ಬಂದ್ರೆ ಆಗಲ್ವಾ?” ಎಂದು ಮಾವ ಕೇಳಿದರು.

“ಆಗಲ್ಲ ಮಾವ.”

“ನಾಡಿದ್ದು?”

“ನಾಳೆನೇ ಆಗಲ್ಲ ಅಂದ್ರೆ ನಾಡಿದ್ದು ಹ್ಯಾಗೆ ಆಗುತ್ತೆ?”

ಮಾವ ಕೆಂಪು ಕಣ್ಣು ಉಜ್ಜಿಕೊಂಡರು.

*

ಗೋದಾಮಿನ ಬೀಗ ಒಡೆದಿರಲಿಲ್ಲ. ಕೀಲಿಕೈಯಿಂದಲೇ ತೆಗೆದದ್ದು. ಕೀಲಿಕೈ ಮೂರು ಕಡೆ ಇದ್ದವು. ಅಕ್ಕನ ಚೀಲದಲ್ಲಿ, ಮಾವನ ಜೇಬಿನಲ್ಲಿ, ಕಾವಲುಗಾರನ ಕೋಣೆಯ ಮೊಳೆಯಲ್ಲಿ. ಮೊಳೆಯ ಕೀಲಿಕೈ ಯಾರು ಬೇಕಾದರೂ ತೆಗೆಯಬಹುದು. ಏಕೆಂದರೆ ಕಾವಲುಗಾರನ ಅಡ್ಡಹೆಸರು ಎಚ್ಚರಪ್ಪ. ಸುಮ್ಮನೆ ಇಟ್ಟ ಹೆಸರಲ್ಲ.

“ರಾತ್ರಿ ಎಷ್ಟು ಹೊತ್ತು ಎಚ್ಚರ ಇದ್ದೆ?”

“ಪೂರ್ತಿ, ಮೇಡಂ.”

“ನಿಜ ಹೇಳು.”

“ಪೂರ್ತಿ ನಿದ್ದೆ, ಮೇಡಂ. ಆದ್ರೆ ಗೇಟಿಗೇ ಒರಗಿ ಮಲಗ್ತೀನಿ. ಗೇಟ್ ತೆಗೆದ್ರೆ ಬೀಳ್ತೀನಿ. ಬಿದ್ರೆ ಏಳ್ತೀನಿ. ಅದೇ ನನ್ನ ಡ್ಯೂಟಿ.”

“ಬಿದ್ದೆಯಾ?”

“ಇಲ್ವಲ್ಲ! ಚೀಲ ಸಾಗಿಸೋ ಟ್ರಾಲಿ ತಳ್ಳಿದ ಸದ್ದೂ ಇಲ್ಲ. ಅದು ಕಿರ್ರೋ ಅನ್ನುತ್ತೆ ಮೇಡಂ, ಥೇಟ್ ನಮ್ಮತ್ತೆ. ಎಂಥಾ ನಿದ್ದೆಯಲ್ಲಿದ್ರೂ ದಡಬಡ ಎದ್ದು ಕೈಕಟ್ಟಿ ನಿಂತ್ಕೋತೀನಿ.”

ಆಕೆ ಟ್ರಾಲಿ ತಳ್ಳಿ ನೋಡಿದಳು. ಸದ್ದಿಲ್ಲ. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಚಕ್ರದ ಸಂದಿಗೆ ಬೆರಳಿಟ್ಟಳು. ಜಾರಿತು. ಮೂಸಿದಳು. ಯಾವುದೋ ಎಣ್ಣೆ. ಬೆರಳನ್ನು ಕರವಸ್ತ್ರಕ್ಕೆ ಒರೆಸಿ, ಕರವಸ್ತ್ರ ಮಡಿಸಿ ಇಟ್ಟುಕೊಂಡಳು.

ಅಷ್ಟರಲ್ಲಿ ಗಂಡನ ಫೋನ್ ಬಂತು.

“ಊಟಕ್ಕೆ ಬರ್ತೀಯಾ?”

“ಇಲ್ಲ ಕಣ್ರೀ, ಒಂದು ಕಳವು.”

“ಏನು ಹೋಗಿದೆ?”

“ಕಸ.”

“ನಮ್ಮನೆ ಕಸಾನೂ ಎರಡು ದಿನದಿಂದ ಬಾಗಿಲಲ್ಲೇ ಇದೆ. ಕಳ್ಳ ಸಿಕ್ರೆ ಅಡ್ರೆಸ್ ಕೊಡು.”

*

ಎಲ್ಲರ ಬೆರಳೂ ತೋರಿಸಿದ್ದು ಒಬ್ಬನ ಕಡೆಗೆ. ಪಿಚಕಾರಿ. ಡಬ್ಬಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಹೊಸ ನಿಯಮದಿಂದ ಅವನ ಬಣ್ಣದ ಕೋಣೆಗೆ ಬೀಗ ಬಿದ್ದಿತ್ತು. ಸಾಲದ್ದಕ್ಕೆ ಹಿಂದಿನ ಸಂಜೆ ಮೊಳೆಯಿಂದ ಗೋದಾಮಿನ ಕೀಲಿಕೈ ತೆಗೆದುಕೊಂಡದ್ದು ಅವನೇ.

ಅವನು ಜೋಡಣೆಯ ಮೇಜಿನಲ್ಲಿ ಕುಳಿತು ಸ್ಕ್ರೂ ತಿರುಗಿಸುತ್ತ, ಬಾಯಲ್ಲೇ ಏನೋ ರಾಗ ಎಳೆಯುತ್ತಿದ್ದ.

“ಕೀ ಯಾಕೆ ತಗೊಂಡೆ?”

“ಹಳೇ ಬಣ್ಣದ ಗನ್ ಒಳಗಿಟ್ಟು ಬರೋಕೆ. ಎರಡು ಮಾತಾಡಿ ಬಂದೆ ಅದರ ಜೊತೆ. ಆಮೇಲೆ ಕೀ ಮೊಳೆಗೇ ಹಾಕ್ದೆ.”

“ಬಣ್ಣದ ಕೆಲಸ ಹೋಯ್ತು. ಸಿಟ್ಟಿಲ್ವಾ?”

“ಸಿಟ್ಟಾ?” ಪಿಚಕಾರಿ ಕರ್ಚೀಫು ತೆಗೆದು ಬಾವುಟದ ಹಾಗೆ ಬಿಡಿಸಿದ. “ನೋಡಿ. ಇಷ್ಟು ವರ್ಷ ಸೀನಿದ್ರೆ ಇದು ಬೂದಿ ಬಣ್ಣ ಆಗ್ತಿತ್ತು. ಈಗ ಬಿಳೀ! ನನ್ನ ಹೆಂಡ್ತಿ ಮನೇಗೆ ಬಂದವರಿಗೆಲ್ಲ ತೋರಿಸ್ತಾಳೆ. ಫ್ಯಾನ್ ಕೆಳಗೆ ಕೂತು ಕೆಲಸ, ಅದೇ ಸಂಬಳ. ಲೇಬಲ್ ಬೇಡ ಅನ್ನೋಕೆ ನಾನೇನು ತಲೆ ಕೆಟ್ಟವನಾ?”

ಆಕೆ ಕರವಸ್ತ್ರ ಅವನ ಮೂಗಿಗೆ ಹಿಡಿದಳು. “ಇದು ನಿನ್ನ ಬಣ್ಣದ ಥಿನ್ನರಾ?”

“ಛೇ. ಥಿನ್ನರ್ ಮೂಸಿದ್ರೆ ಪೂರ್ವಜರೆಲ್ಲ ಕಾಣಿಸ್ತಾರೆ. ಇದು ಅಚ್ಚಿಗೆ ಹೊಡೆಯೋ ಎಣ್ಣೆ. ಡಬ್ಬ ಅಂಟಿಕೊಳ್ಳದೆ ಜಾರಿ ಬರ್ಲಿ ಅಂತ.” ಮತ್ತೆ ಸ್ಕ್ರೂಗೆ ಬಾಗಿದ. “ಬಣ್ಣ ನಿಂತಿದ್ದಕ್ಕೆ ಅಳೋನು ನಾನಲ್ಲ ಮೇಡಂ. ಬಣ್ಣ ಅಂದ್ರೆ ಏನು? ಇನ್ನೊಬ್ಬರ ಚುಕ್ಕೆ ಮುಚ್ಚೋದು.”

*

ಅಕ್ಕನ ಕೋಣೆಗೆ ಟೀ ಬಂತು, ಮೇಲೆ ಸಕ್ಕರೆ ಉದುರಿಸಿದ ಬಿಸ್ಕತ್ತೂ ಬಂತು. ಅಕ್ಕ ಮುಟ್ಟಲಿಲ್ಲ. ಗಡಿಯಾರ ನೋಡುತ್ತಿದ್ದಳು. ಇನ್ಸ್‌ಪೆಕ್ಟರಮ್ಮ ಬಿಸ್ಕತ್ತನ್ನು ಟೀಗೆ ಅದ್ದಿದಳು. ಪೊಲೀಸ್ ಕೆಲಸ ಬಿಟ್ಟರೂ ಬಿಡದ ಅಭ್ಯಾಸ ಅದೊಂದೇ.

ಎದುರಿಗೆ ಮಾವ. ಅವರೂ ತಿನ್ನುತ್ತಿರಲಿಲ್ಲ. ಬಿಸ್ಕತ್ತಿನ ಮೇಲಿನ ಸಕ್ಕರೆಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹೆಕ್ಕುತ್ತಿದ್ದರು. ಒಂದು ಕಾಳು. ಇನ್ನೊಂದು ಕಾಳು. ಬಿಳಿಯದೆಲ್ಲ ತಟ್ಟೆಯ ಎಡಕ್ಕೆ. ಕಂದು ಪುಡಿಯೆಲ್ಲ ಬಲಕ್ಕೆ. ಕೈ ತನ್ನ ಪಾಡಿಗೆ ತಾನು ಮಾಡುತ್ತಿತ್ತು. ಮನಸ್ಸು ಅಲ್ಲಿರಲಿಲ್ಲ. ಆ ಎರಡೂ ಬೆರಳುಗಳ ತುದಿ ಇದ್ದಿಲು ಹಿಡಿದಷ್ಟು ಕಪ್ಪಾಗಿತ್ತು.

ಇನ್ಸ್‌ಪೆಕ್ಟರಮ್ಮನ ಬಿಸ್ಕತ್ತು ಮುರಿದು ಟೀಯಲ್ಲಿ ಮುಳುಗಿತು. ಆಕೆ ಅದರ ಕಡೆ ನೋಡಲೂ ಇಲ್ಲ.

“ಮಾವ, ನಿಮ್ಮ ಮನೆ ಎಲ್ಲಿ?”

ಉತ್ತರ ಕೊಟ್ಟದ್ದು ಅಕ್ಕ. “ಇಲ್ಲೇ ಹಿಂದುಗಡೆ, ಗೋಡೆಗೆ ಗೋಡೆ. ಹಿಂಬಾಗಿಲಿಂದ ಊಟಕ್ಕೆ ಹೋಗಿ ಬರ್ತಾರೆ.”

“ಅತ್ತೆಯವರ ಕೈಯ ಟೀ ಕುಡಿಯೋಣ ನಡೀರಿ.”

“ಇವತ್ತು ಬೇಡಮ್ಮ,” ಮಾವ ಎದ್ದು ನಿಂತರು. “ಮನೆಯೆಲ್ಲ ಹರಡಿದೆ.”

“ಹರಡಿರುತ್ತೆ ಅಂತಲೇ ಬರ್ತಿದೀನಿ.”

*

ಮನೆಯ ನಡುಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದ ತುಂಬ ದುಪ್ಪಟಿಗಳು. ದುಪ್ಪಟಿಗಳ ಮೇಲೆ ಕಪ್ಪು ಚೂರುಗಳ ರಾಶಿ. ರಾಶಿಗಳ ಸುತ್ತ ಅತ್ತೆ, ಇಬ್ಬರು ಸೊಸೆಯರು, ಮತ್ತು ಎರಡು ದಿನ ಇದ್ದು ಹೋಗಲೆಂದು ಬಂದು ಸಿಕ್ಕಿಬಿದ್ದಿದ್ದ ಬೀಗರು. ಎಲ್ಲರೂ ತಲೆ ಬಗ್ಗಿಸಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಬಿಳಿ ಚೂರು ಆರಿಸಿ ಲೋಟಕ್ಕೆ ಹಾಕುತ್ತಿದ್ದರು. ಟಣ್. ಟಣ್. ಟಣ್.

“ಬನ್ನಿ ಬನ್ನಿ,” ಅತ್ತೆ ತಲೆ ಎತ್ತದೆ ಹೇಳಿದರು. “ಕನ್ನಡಕ ಇದ್ರೆ ನೀವೂ ಒಂದು ದುಪ್ಪಟಿ ಹಿಡೀರಿ. ಈ ಮನುಷ್ಯ ನನ್ನ ಮದುವೆ ದುಪ್ಪಟೀನೂ ಬಿಟ್ಟಿಲ್ಲ.”

“ಮಾವಾ!” ಎಂದಳು ಅಕ್ಕ.

ಇನ್ಸ್‌ಪೆಕ್ಟರಮ್ಮ ಬಾಗಿಲ ಚೌಕಟ್ಟಿಗೆ ಒರಗಿದಳು. ಮೊಣಕಾಲಿಗೆ ಹಿತವಾಯಿತು.

“ದುಡ್ಡಿಗಾಗಿ ಕದ್ದವನು ಹೊಸ ಪ್ಲಾಸ್ಟಿಕ್ ಬಿಡ್ತಿರ್ಲಿಲ್ಲ. ಗೇಟಿನಿಂದ ಹೋಗಿದ್ರೆ ಎಚ್ಚರಪ್ಪ ಬೀಳ್ತಿದ್ದ. ಅವನು ಬಿದ್ದಿಲ್ಲ. ಹಾಗಾದ್ರೆ ಚೀಲ ಹಿಂಬಾಗಿಲಿಂದ ಹೋಗಿದೆ. ಟ್ರಾಲಿ ಬಾಯಿ ಮುಚ್ಚಿಸಿದ್ದು ಅಚ್ಚಿನ ಎಣ್ಣೆ. ಬಣ್ಣದವನ ಮೇಲೆ ಅನುಮಾನ ಬಂತು, ಆದ್ರೆ ಅವನಿಗೆ ಲೇಬಲ್ ಬಂದ್ರೇ ಸುಖ. ಬಣ್ಣ ನಿಂತಾಗ ಸಂಕಟ ಆಗೋದು ಬಣ್ಣ ಯಾರ ಚುಕ್ಕೆ ಮುಚ್ತಿತ್ತೋ ಅವರಿಗೆ. ಆಡಿಟರ್ ಬರಲೇಬಾರದು ಅಂತ ಕಳ್ಳ ಹೇಳ್ಲಿಲ್ಲ. ನಾಳೆ ಬರ್ಲಿ ಅಂದ. ಅಂದ್ರೆ ಏನೋ ಕೆಲಸ ಅರ್ಧಕ್ಕೆ ನಿಂತಿದೆ. ಆ ಕೆಲಸ ಏನು ಅಂತ ಬಿಸ್ಕತ್ತು ಹೇಳ್ತು.”

ಮಾವ ರಾಶಿಯಿಂದ ಒಂದು ಬಿಳಿ ಚೂರು ಎತ್ತಿ ತೋರಿಸಿದರು.

“ಕದಿಯೋ ಮನಸ್ಸಿರ್ಲಿಲ್ಲ ಕಣಮ್ಮ. ಆ ಬಿಳೀದು ಬೇರೆ ಜಾತಿ ಪ್ಲಾಸ್ಟಿಕ್. ಕರಗಲ್ಲ, ಚುಕ್ಕೆಯಾಗಿ ಮೇಲೆ ಬಂದು ಕೂರುತ್ತೆ. ಇಷ್ಟು ದಿನ ಬಣ್ಣ ಮುಚ್ತಿತ್ತು, ಈಗ ಬಟಾಬಯಲು. ಆಡಿಟರ್ ಮುಂದೆ ಚುಕ್ಕೆ ಡಬ್ಬ ಹಿಡಿದು, ಇದು ನಂದು ಅಂತ ಹ್ಯಾಗೆ ಹೇಳ್ಲಿ? ಬೆಳಗಾಗೋದ್ರೊಳಗೆ ಆರಿಸಿ ಇಟ್ಟುಬಿಡೋಣ ಅಂದ್ಕೊಂಡೆ. ಒಂದು ಚೀಲದಲ್ಲಿ ಇಷ್ಟೊಂದು ಇರುತ್ತೆ ಅಂತ ಯಾವನಿಗೆ ಗೊತ್ತು?”

“ಪರದೆಯ ಬೆನ್ನು ಮಾವ ಅದು! ಗೋಡೆ ಕಡೆಗಿರುತ್ತೆ. ಚುಕ್ಕೆ ಇದ್ರೂ ಪರವಾಗಿಲ್ಲ ಅಂತ ಕಂಪನಿಯವರೇ ಹೇಳಿದಾರೆ,” ಎಂದಳು ಅಕ್ಕ.

“ಗೋಡೆಗೆ ಕಾಣಲ್ವಾ?”

ಅತ್ತೆ ಲೋಟಕ್ಕೆ ಇನ್ನೊಂದು ಬಿಳಿ ಚೂರು ಹಾಕಿದರು. ಟಣ್.

“ಅದಿರ್ಲಿ,” ಎಂದಳು ಇನ್ಸ್‌ಪೆಕ್ಟರಮ್ಮ. ದನಿ ಈಗ ಗಟ್ಟಿಯಾಗಿತ್ತು. “ಸೀಲ್ ಒಡೆದ ಚೀಲ ಆಡಿಟರ್ ಮುಟ್ಟಲ್ಲ. ಒಳಗೆ ಯಾರು ಏನು ಸೇರಿಸಿದ್ರೋ ಅಂತಾರೆ. ಆರೂ ಒಡೆದಿದ್ದೀರಾ?”

ಮಾವ ಅಕ್ಕನ ಮುಖ ನೋಡಲಾರದೆ ನೆಲ ನೋಡಿದರು. ಅಕ್ಕ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಟಣ್ ಟಣ್ ನಿಂತಿತು.

ಆಗ ಬೀಗರು ಕೆಮ್ಮಿದರು. ಮೆಲ್ಲಗೆ ಎದ್ದು ನಿಂತರು. ಅವರ ಕೆಳಗೊಂದು ಜಮಖಾನ. ಜಮಖಾನದ ಕೆಳಗೆ, ಒಂದರ ಮೇಲೊಂದು, ಎರಡು ಚೀಲ. ಸೀಲು ಭದ್ರ.

“ಬೀಗರನ್ನ ಬರೀ ನೆಲದ ಮೇಲೆ ಕೂರಿಸೋಕಾಗುತ್ತಾ?” ಎಂದರು ಅತ್ತೆ. “ಕುರ್ಚಿ ಮೇಲೆ ಇವರ ಕಸ ಇತ್ತು. ಅದಕ್ಕೇ ಇವರಿಗೆ ಗೊತ್ತಾಗದ ಹಾಗೆ ಎರಡು ಚೀಲ ಎತ್ತಿಟ್ಟೆ. ಆರೂ ಒಡೆದೆ ಅಂದ್ಕೊಂಡಿದಾರೆ.”

ಅಕ್ಕ ಓಡಿಹೋಗಿ ಅತ್ತೆಯನ್ನು ತಬ್ಬಿಕೊಂಡಳು. ಬೀಗರು ತಮ್ಮನ್ನೂ ತಬ್ಬಬಹುದೆಂದು ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು.

*

ಆಡಿಟರ್ ಬಂದರು. ನಗುವುದಕ್ಕೂ ನಿಯಮ ಹುಡುಕುವ ಮುಖ. ಇನ್ಸ್‌ಪೆಕ್ಟರಮ್ಮ ಹೇಳಿದಂತೆ ಅಕ್ಕ ನಡೆದದ್ದನ್ನು ನಡೆದ ಹಾಗೇ ಒಪ್ಪಿಸಿದಳು. ಅವರು ಭೂತಗನ್ನಡಿ ಹಿಡಿದು ಎರಡೂ ಸೀಲು ನೋಡಿದರು, ತಿರುಗಿಸಿ ನೋಡಿದರು, ತೂಗಿದರು. “ನಡೆಯುತ್ತೆ,” ಎಂದರು.

ಚೂರು ಸುರಿಯಿತು. ಯಂತ್ರ ಉಸಿರು ಬಿಟ್ಟಿತು. ಅಚ್ಚು ತೆರೆಯಿತು.

ಡಬ್ಬದ ಮೇಲೆ ಚುಕ್ಕೆ. ಒಂದಲ್ಲ ಎರಡಲ್ಲ. ಮಾವ ಕಣ್ಣು ಮುಚ್ಚಿಕೊಂಡರು.

“ಇದೇನು?” ಎಂದರು ಆಡಿಟರ್.

“ಚುಕ್ಕೆ,” ಎಂದರು ಮಾವ, ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ.

ಆಡಿಟರ್ ಡಬ್ಬವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಹೋದ ವಾರ ಒಂದು ಕಡೆ ಹೋಗಿದ್ದೆ. ಡಬ್ಬದ ಮೇಲೆ ಒಂದು ಚುಕ್ಕೆ ಇಲ್ಲ, ಕನ್ನಡಿ ಇದ್ದ ಹಾಗಿತ್ತು. ಹಳೇದು ಹಾಕಿದ್ದೀವಿ ಅಂದ್ರು. ಹೊಸ ಪ್ಲಾಸ್ಟಿಕ್ ಎಲ್ಲಿ ಬಚ್ಚಿಟ್ಟಿದಾರೆ ಅಂತ ಹುಡುಕೋ ಹೊತ್ತಿಗೆ ಸಂಜೆ ಆಯ್ತು. ಇದು ನೋಡಿ, ಹಳೇದು ಅಂತ ತಾನೇ ಸಾಕ್ಷಿ ಹೇಳ್ತಿದೆ.” ಡಬ್ಬವನ್ನು ಎತ್ತರದಿಂದ ನೆಲಕ್ಕೆ ಬಿಟ್ಟರು. ಒಡೆಯಲಿಲ್ಲ. “ಯಾರ ಕೈಕೆಲಸ?”

ಎಲ್ಲರೂ ಮಾವನ ಕಡೆ ನೋಡಿದರು.

“ನಂದು,” ಎಂದರು ಮಾವ. ಆಮೇಲೆ ಒಂದು ಕಣ್ಣು ಬಿಟ್ಟರು.

*

ಲೇಬಲ್ ಬಂತು. ಎರಡನೇ ಪಾಳಿ ಉಳಿಯಿತು. ಬಾಯಿ ಒಡೆದ ನಾಲ್ಕು ಚೀಲದ ಮಾಲಿನಿಂದ, ಜೋಡಣೆಯ ಹೆಂಗಸರು ಸ್ಕ್ರೂ ಇಟ್ಟುಕೊಳ್ಳಲು ತಟ್ಟೆ ಮಾಡಿಸಬೇಕೆಂದು ತೀರ್ಮಾನವಾಯಿತು. ಬೀಗರು ದಡಬಡನೆ ಊರಿಗೆ ಹೋದರು. ಅಲ್ಲಿ ಅನ್ನದ ತಟ್ಟೆಯ ಮುಂದೆ ಕುಳಿತು ಈಗಲೂ ಜೀರಿಗೆ ಆರಿಸುತ್ತಾರಂತೆ.

ಮುಂದಿನ ತಿಂಗಳು ಇನ್ಸ್‌ಪೆಕ್ಟರಮ್ಮ ಮತ್ತೆ ಬಂದಾಗ, ಅಚ್ಚಿನ ಯಂತ್ರದ ಮೇಲೆ ಏಣಿ ಹತ್ತಿ ಮಾವ ನಿಂತಿದ್ದರು. ಕೈಯಲ್ಲಿ ಅತ್ತೆಯ ಲೋಟ. ಲೋಟದ ತುಂಬ ಆ ದಿನ ಇಡೀ ಮನೆ ಕೂತು ಆರಿಸಿದ ಬಿಳಿ ಚೂರು. ಒಂದು ಚಿಟಿಕೆ ತೆಗೆದು ಸ್ಕ್ರೂ ತಟ್ಟೆಯ ಮಾಲಿಗೆ ಉದುರಿಸಿದರು. ಅಚ್ಚಿನಿಂದ ಬಂದ ತಟ್ಟೆಯನ್ನು ಕೈಗೆತ್ತಿಕೊಂಡು ಓರೆಯಾಗಿ ಹಿಡಿದು ನೋಡಿದರು. ಮುಖ ಸಿಂಡರಿಸಿ ಇನ್ನೊಂದು ಚಿಟಿಕೆ ಹಾಕಿದರು.

“ಏನ್ ಮಾವ ಇದು?”

ಮಾವ ತಿರುಗಿಯೂ ನೋಡಲಿಲ್ಲ.

“ಸ್ವಲ್ಪ ಸಪ್ಪೆ ಅನ್ನಿಸ್ತು.”