ಟಯರ್ ತಣ್ಣಗಾಗುವವರೆಗೆ

ಕುಷ್ಟಗಿಯ ತನ್ನ ಟಯರ್ ಅಂಗಡಿಯ ಮುಂದೆ ಪಿಕಪ್ ಗಾಡಿಯೊಂದು ಬಂದು ನಿಂತಾಗ ಗುರುಬಸವ ನೇರವಾಗಿ ಹಿಂದಿನ ಚಕ್ರದ ಬಳಿ ಕುಳಿತ. ಸವೆದ ಅಂಚಿನ ಮೇಲೆ ಬೆರಳಾಡಿಸುತ್ತ, ತಲೆ ಎತ್ತದೆ ಕೇಳಿದ.

"ಡ್ರೈವರ್ ಎಲ್ಲಿ ಹೋದ್ರು? ಸ್ವಲ್ಪ ಕರೀರಿ."

"ನಾನ ಡ್ರೈವರ್. ಏನ್ ಕೇಳೋದೈತಿ ಕೇಳ್ರಿ."

ಅವನು ತಲೆ ಎತ್ತಿದ. ಸೆರಗನ್ನು ತಲೆಗೆ ಬಿಗಿದು ಸುತ್ತಿದ್ದ ಹೆಂಗಸು. ಕಣ್ಣ ರೆಪ್ಪೆಗಳ ಮೇಲೆ ತೌಡಿನ ಪುಡಿ ಸಣ್ಣಗೆ ಕೂತಿತ್ತು. ನಗಬೇಕೆಂದುಕೊಂಡು, ಅದಕ್ಕೂ ಬೇಸರವಾಗಿ ಬಿಟ್ಟವಳಂತೆ ನಿಂತಿದ್ದಳು.

"ತಪ್ಪಾತ್ರಿ," ಎಂದ ಅವನು. "ಇವು ಎಸ್‌ಯುವಿ ಟಯರ್ ಅದಾವ. ಇವುಗಳ ಮಗ್ಗಲು ಮೆತ್ತಗ. ಒಳಗ ಕೂತೋರಿಗೆ ಕುಲುಕಾಟ ಗೊತ್ತಾಗಬಾರ್ದಂತ ಹಂಗ ಮಾಡಿರ್ತಾರ. ಪಿಕಪ್ಪಿಗೆ ಮಗ್ಗಲು ಗಟ್ಟಿ ಇರೋವ ಬೇಕು. ಇಲ್ಲಂದ್ರ ಭಾರಕ್ಕ ಕುಸದು ಅಂಚು ತಿಂದು ಹೋಗ್ತಾವ. ಯಾರೋ ನಿಮಗ ಮೋಸ ಮಾಡ್ಯಾರ."

"ಯಾರೂ ಮಾಡಿಲ್ಲ. ನಾನ ಮೆತ್ತಗಿರೋವ ಕೊಡ್ರಿ ಅಂತ ಕೇಳಿ ಹಾಕಿಸ್ಕೊಂಡೆ." ಸುರೇಖಾ ಎಂಬ ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಖಾಲಿ ಗಾಡಿ ಭಾಳ ಎತ್ತಿ ಹಾಕತೈತಿ. ನಡಾ ಹಿಡಕೊಂಡ್ರ ನಿದ್ದಿ ಹತ್ತಂಗಿಲ್ಲ."

ಗುರುಬಸವ ಚಕ್ರ ಬಿಟ್ಟು ಎದ್ದು ನಿಂತ. ಇಷ್ಟು ವರ್ಷದ ವ್ಯಾಪಾರದಲ್ಲಿ ಮೈಲೇಜ್ ಕೇಳಿದವರಿದ್ದರು, ಚಂದ ಕಾಣುವ ಟಯರ್ ಕೇಳಿದವರಿದ್ದರು. ನೋವು ತಾಳಲಾರದೆ ಟಯರ್ ಆರಿಸಿದವರನ್ನು ಅವನು ಕಂಡಿರಲಿಲ್ಲ.

"ಒಂದ್ ಕೆಲಸ ಮಾಡೂಣ್ರಿ," ಎಂದ ಕೊನೆಗೆ. "ಗಟ್ಟಿ ಟಯರ್ ಹಾಕ್ತೀನಿ. ಭಾರ ತುಂಬೂ ಮುಂದ ಊರಾಗ ಪೂರ್ತಿ ಗಾಳಿ ಹಾಕಿಸ್ರಿ. ಖಾಲಿ ವಾಪಸ್ ಬರೂವಾಗ ಇಲ್ಲಿ ನಿಲ್ಲಸ್ರಿ. ಹಿಂದಿನವುಕ್ಕ ಒಂದೀಟ ಗಾಳಿ ಇಳಿಸಿ ಕೊಡ್ತೀನಿ. ನಡಕ್ಕ ಅಷ್ಟ ಹೊಡ್ತ ಬೀಳಂಗಿಲ್ಲ."

"ಇಳಸಾಕ ಎಷ್ಟೊತ್ತು?"

"ಇಳಸಾಕ ಒಂದ ನಿಮಿಷ. ಆದ್ರ ಟಯರ್ ಬಿಸಿ ಇದ್ದಾಗ ಅಳದ್ರ ಗಾಳಿ ಸುಳ್ಳು ಹೇಳತೈತಿ. ತಣ್ಣಗಾಗುತನ ಕೂಡಬೇಕಾಗತೈತಿ."

ಹಾಗೆ ಅವಳು ಅಲ್ಲಿ ಕೂರತೊಡಗಿದಳು.

ತನ್ನೂರು ಸಿದ್ದಾಪುರದ ರೈಸ್‌ಮಿಲ್ಲುಗಳಿಂದ ತೌಡು ತುಂಬಿಕೊಂಡು, ಕುಷ್ಟಗಿ ದಾಟಿ, ಯಲಬುರ್ಗಾ ಕಡೆಯ ಡೈರಿಗಳಿಗೆ ಹಾಕುವುದು ಅವಳ ಕೆಲಸ. ಗಾಡಿ ಅಪ್ಪ ಅಂದಪ್ಪನದು. ಅಪ್ಪನ ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಅವಳ ಕೈಗೆ ಬಂದಿತ್ತು. ಅದಕ್ಕೂ ಮೊದಲೇ ಅವಳ ಮದುವೆ ಕೋರ್ಟಿನಲ್ಲಿ ವಿಚ್ಛೇದನವಾಗಿ ಮುಗಿದಿತ್ತು. ಗುರುಬಸವ ತಂಗಿಯರ ಮದುವೆಗಳನ್ನು ಮಾಡಿ ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಅವನಿಗೆ ಹೆಣ್ಣು ತೋರಿಸುವವರು ಸುಮ್ಮನಾಗಿದ್ದರು. ಇಬ್ಬರೂ ಇದನ್ನೆಲ್ಲ ಬೇರೆ ಯಾರದೋ ಸುದ್ದಿ ಹೇಳಿದಂತೆ ಹೇಳಿಕೊಂಡರು.

ಹೆಚ್ಚು ಹೊತ್ತು ಅವರು ಸುಮ್ಮನೆ ಇರುತ್ತಿದ್ದರು. ಅವಳು ಮಡಚುವ ಕುರ್ಚಿಗೆ ಒರಗಿ ಕಾಲು ಚಾಚುವಳು. ಅವನು ಚಹಾ ತಂದಿಟ್ಟು, ಬಿಸಿಲು ಅವಳ ಮುಖಕ್ಕೆ ಬಿದ್ದರೆ ಎದ್ದು ಹೋಗಿ ಟಯರುಗಳ ಸಾಲನ್ನು ಒಂದಿಷ್ಟು ಅತ್ತ ಸರಿಸುವನು. ಅವಳು ಕಣ್ಣು ಮುಚ್ಚಿಕೊಂಡೇ ನೆರಳು ಬಂದದ್ದನ್ನು ತಿಳಿಯುವಳು. ತುಟಿಯ ಒಂದು ತುದಿ ಮಾತ್ರ ಅಲುಗುತ್ತಿತ್ತು.

ಒಮ್ಮೆ ಅವಳೇ ಎದ್ದು ಚಕ್ರಕ್ಕೆ ಅಂಗೈ ಹಚ್ಚಿ ನೋಡಿದಳು.

"ಇದು ತಣ್ಣಗಾಗಿ ಭಾಳ ಹೊತ್ತಾತಲ್ರಿ."

"ಒಳಗ ಬಿಸಿ ಇರತೈತ್ರಿ."

"ಯಾರ ಒಳಗ?"

ಅವನು ಗಾಳಿಯ ಪೈಪನ್ನು ಬಿಡಿಸುವ ನೆಪದಲ್ಲಿ ಆಚೆ ತಿರುಗಿದ. ಕಿವಿ ಕೆಂಪಾದದ್ದು ಹಿಂದಿನಿಂದಲೂ ಕಾಣುತ್ತಿತ್ತು. ಅವತ್ತು ಸಿದ್ದಾಪುರ ಮುಟ್ಟುವವರೆಗೂ ಅವಳಿಗೆ ಸೊಂಟದ ನೋವು ನೆನಪಾಗಲಿಲ್ಲ.

ಬೇಸಿಗೆಯಲ್ಲಿ ಡೈರಿಗಳ ಬೇಡಿಕೆ ಏರಿತು. ಅವಳು ದಿನ ಬಿಡದೆ ಓಡತೊಡಗಿದಳು. ಒಂದು ಮಧ್ಯಾಹ್ನ ತುಂಬಿದ ಗಾಡಿಯನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿ, ಹಿಂದಿನ ಎಡಚಕ್ರ ನೋಡಲು ಹೇಳಿದಳು. ತಾವರಗೇರಾದ ಹತ್ತಿರ ಗುಂಡಿಗೆ ಬಿದ್ದಿತ್ತಂತೆ.

ಗುರುಬಸವ ಬಗ್ಗಿ ನೋಡಿದ. ಟಯರಿನ ಮಗ್ಗಲಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತ್ತು.

"ಒಳಗಿನ ದಾರ ಹರದಾವ್ರಿ. ಇದರ ಮ್ಯಾಲ ಹೋಗಬ್ಯಾಡ್ರಿ. ಈ ಅಳತಿದು ನಾಳಿ ಮುಂಜಾನಿ ಬರತೈತಿ."

"ಸ್ಟೆಪ್ನಿ ಐತಲ್ಲ."

"ಅದು ನಿಮ್ಮ ಹಳೇ ಮೆತ್ತನ ಟಯರು. ಈ ಭಾರ ತಡಿಯಂಗಿಲ್ಲ."

"ಹಂಗಂತ ನಿಂದ್ರಾಕ ಆಗಂಗಿಲ್ರಿ. ದನಗಳಿಗೆ ಸಂಜಿಗೆ ಹಾಕಾಕ ಏನೂ ಇಲ್ಲಂತ ಫೋನ್ ಬಂದೈತಿ. ಸಾವಕಾಶ ಹೋಗ್ತೀನಿ."

ಅವನು ಅವಳ ಮುಖ ನೋಡಿದ. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಗಾಡಿಯ ಬಾಗಿಲಿಗೆ ಮೈಭಾರವನ್ನೆಲ್ಲ ಬಿಟ್ಟು ನಿಂತಿದ್ದಳು.

"ಟಯರಿನ ಮಾತು ಬಿಡ್ರಿ," ಎಂದ. "ನೀವ ಬೀಳೂ ಹಂಗ ಕಾಣಾಕತ್ತೀರಿ. ಕನ್ನಡಿ ನೋಡ್ಕೋರಿ."

ಅದು ಅವಳಿಗೆ ತಾಗಿತು. ದಣಿದಿದ್ದೀ ಎಂದು ಯಾರೂ ಹೇಳದಿದ್ದುದಕ್ಕೇ ಇಷ್ಟು ದಿನ ಅವಳಿಗೆ ನಡೆದಿತ್ತೇನೋ.

"ನಾ ಬಿದ್ರ ನಾ ಏಳ್ತೀನಿ. ಅದನ್ನ ಹೇಳಾಕ ನೀವು ನನಗ ಯಾರ್ರಿ?"

ಅವನು ಬಾಗಿಲಿನಿಂದ ಹಿಂದೆ ಸರಿದ. ಗಾಡಿ ಹೋಯಿತು.

ಯಲಬುರ್ಗಾ ರಸ್ತೆಯಲ್ಲಿ ಅವಳು ಎತ್ತಿನ ಬಂಡಿಯ ವೇಗದಲ್ಲಿ ನಡೆಸಿದಳು. ಆಡಿದ ಮಾತು ನಾಲಿಗೆಯ ಮೇಲೆ ಕಹಿಯಾಗಿ ಉಳಿದಿತ್ತು. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ಹಳೆಯ ಜೀಪೊಂದು ಕಾಣಿಸಿತು. ಮುಂದೆ ಹೋಗಲು ದಾರಿ ಬಿಟ್ಟರೂ ಹೋಗದೆ, ಹತ್ತಿರಕ್ಕೂ ಬರದೆ ಹಿಂದೆಯೇ ಬರುತ್ತಿತ್ತು. ಯಾರೋ ಪೋಕರಿಗಳೆಂದು ಅವಳು ಬಾಗಿಲಿನ ಲಾಕ್ ಒತ್ತಿದಳು.

ಆಗಲೇ ಟಯರ್ ಒಡೆಯಿತು.

ಗಾಡಿ ಎಡಕ್ಕೆ ಎಳೆಯಿತು. ಬ್ರೇಕ್ ತುಳಿಯದೆ, ಸ್ಟೇರಿಂಗನ್ನು ಎದೆಗವಚಿ ಹಿಡಿದಂತೆ ಹಿಡಿದು, ಅವಳು ಮಣ್ಣಿನ ಅಂಚಿಗೆ ತಂದು ನಿಲ್ಲಿಸಿದಳು. ಕೆಳಗಿಳಿದು ಒಡೆದ ಚಕ್ರ ನೋಡಿದಳು. ಅಲ್ಲೇ ನೆಲಕ್ಕೆ ಕುಳಿತಳು.

ಜೀಪಿನಿಂದ ಗುರುಬಸವ ಓಡಿ ಬಂದ. ಅವಳ ಎರಡೂ ಕೈ ಹಿಡಿದು ನೋಡಿದ, ಹಣೆ ನೋಡಿದ. ಎಲ್ಲೂ ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ಅವನೂ ಪಕ್ಕದಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟ.

"ಹಿಂದ ಬಂದೋರು ನೀವಾ?"

"ಬಾಜೂ ಅಂಗಡಿ ಶಬ್ಬೀರಸಾಬನ ಪಿಕಪ್ ರಿಪೇರಿಗೆ ನಿಂತಿತ್ತು. ಅದರ ಚಕ್ರ ಬಿಚ್ಚಿಸ್ಕೊಂಡು, ಅವನ ಜೀಪ್ ಇಸ್ಕೊಂಡು ಬಂದೆ. ನಿಲ್ಲಸ್ರಿ ಅನ್ನಾಕ ಧೈರ್ಯ ಬರಲಿಲ್ಲ. ಸಿಟ್ಟಿನ್ಯಾಗ ಇದ್ರಿ."

ಒಂದು ಲಾರಿ ಧೂಳೆಬ್ಬಿಸುತ್ತ ಹಾದುಹೋಯಿತು.

"ನೀವ್ಯಾರು ಅಂತ ಕೇಳಿದ್ರಿ," ಎಂದ ಅವನು, ನೆಲ ನೋಡುತ್ತ. "ದಾರಿತುಂಬ ಅದನ್ನ ಯೋಚನಿ ಮಾಡ್ಕೊಂತ ಬಂದೆ. ಈಗಂತೂ ಯಾರೂ ಅಲ್ಲ. ಆದ್ರ ನೀವು ಬರೋ ದಿನ ಮುಂಜಾನಿನ ಎದ್ದು ಅಂಗಡಿ ಕಸಾ ಹೊಡಿತೀನಿ. ಬರಲಾರದ ದಿನ ಶಟರ್ ಎತ್ತಾಕೂ ಮನಸ್ಸಾಗಂಗಿಲ್ಲ. ಇದಕ್ಕ ಏನಂತಾರೋ ನೀವ ಹೇಳ್ರಿ."

ಸುರೇಖಾ ತಲೆಗೆ ಬಿಗಿದಿದ್ದ ಸೆರಗನ್ನು ಸಡಿಲಿಸಿದಳು.

"ನಾ ಭಾಳ ದಣದೀನ್ರಿ," ಎಂದಳು. ವರ್ಷಗಳಿಂದ ಅವ್ವನ ಮುಂದೆಯೂ ಆಡದ ಮಾತು ಅದು. "ಹೊಸ ಹುಡುಗಿಯಂಗ ಪ್ರೀತಿ ಮಾಡಾಕ ನನ್ನ ಕಡಿಂದ ಆಗಂಗಿಲ್ಲ."

"ನನಗೂ ಆಗಂಗಿಲ್ಲ. ಕೂಡಿ ಸುಮ್ನ ಕೂಡೂಣಂತ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ಜಾಕ್ ತರಲು ಎದ್ದಳು.

ಇಬ್ಬರೂ ಸೇರಿ ಚಕ್ರ ಬದಲಿಸಿದರು. ಜೀಪನ್ನು ಹತ್ತಿರದ ಚಹಾದಂಗಡಿಯ ಮುಂದೆ ಬಿಟ್ಟರು. ಗುರುಬಸವ ಗಾಡಿಯ ಕೀಲಿಗೆ ಕೈ ಚಾಚಿದಾಗ ಅವಳು ಒಂದು ಕ್ಷಣ ಬಿಗಿಯಾಗಿ ಹಿಡಿದಳು. ಆಮೇಲೆ ಅವನ ಅಂಗೈಯಲ್ಲಿಟ್ಟು, ಆಚೆ ಬದಿಯ ಸೀಟಿಗೆ ಹತ್ತಿ ಕುಳಿತಳು.

ಸುರೇಖಾಳಿಗೆ ಎಚ್ಚರವಾದಾಗ ಗಾಡಿ ಡೈರಿಯ ಅಂಗಳದಲ್ಲಿ ನಿಂತಿತ್ತು. ಚೀಲಗಳೆಲ್ಲ ಇಳಿದಿದ್ದವು, ದನಗಳು ಮೇಯುತ್ತಿದ್ದವು. ಬಿಸಿಲು ಹಳದಿಯಾಗಿತ್ತು. ಗುರುಬಸವ ಸೀಟಿನಲ್ಲೇ ಅಲುಗಾಡದೆ ಕೂತಿದ್ದ. ಅವಳ ತಲೆ ಅವನ ಭುಜದ ಮೇಲಿತ್ತು.

"ಯಾಕ ಎಬ್ಬಿಸಲಿಲ್ಲ?"

"ಮನಸ್ಸು ಬರಲಿಲ್ಲ."

ಅವಳು ತಲೆ ಎತ್ತಲಿಲ್ಲ.

"ಸೋಮವಾರ ಅಂಗಡಿ ಸೂಟಿ ಮಾಡಿ ಸಿದ್ದಾಪುರಕ್ಕ ಬರ್ರಿ," ಎಂದಳು. "ಅಪ್ಪಗ ನಮ್ಮ ವಿಚಾರ ನಾನ ಹೇಳ್ತೀನಿ. ನೀವು ಸುಮ್ನ ಬಂದು ಊಟ ಮಾಡ್ರಿ, ಸಾಕು."

"ಆತು," ಎಂದ ಅವನು. "ಹೋಗೂಣೇನು?"

"ಇನ್ನ ಸ್ವಲ್ಪ ಹೊತ್ತು," ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು.