ಆರು ಗಂಟೆಯ ಕೆಂಪು ದೀಪ

ಊಟ ಬಲ್ಲವನಿಗೆ ರೋಗವಿಲ್ಲ, ನಿದ್ದೆ ಬಲ್ಲವನಿಗೆ ಬಡ್ತಿಯಿಲ್ಲ. ಗಾದೆ ಸ್ವಲ್ಪ ಕೆಟ್ಟಿರಬಹುದು; ಕಥೆ ಮಾತ್ರ ಅಪ್ಪಟ ನಿಜ.

ಹಾಲಿನ ಪುಡಿ ಕಾರ್ಖಾನೆಯ ಅಂಗಳದಲ್ಲಿ ಬೆಳಗಿನ ಆರರ ಸಭೆಗೆ ಗಂಟೆ ಬಾರಿಸಿದ ವ್ಯವಸ್ಥಾಪಕಿ ನೀಲಗಂಗಾಳ ಮಣಿಕಟ್ಟಿನಲ್ಲಿ ಜಾವಪಟ್ಟಿ ಕೆಂಪಗೆ ಮಿನುಗಿತು. ಮೈಯ ಬಿಸಿ, ನಾಡಿ, ಬೆವರುಗಳನ್ನು ಅಳೆದು, ದೇಹದೊಳಗಿನ ಗಡಿಯಾರದಲ್ಲಿ ಈಗೆಷ್ಟು ಹೊತ್ತು ಎಂದು ಹೇಳುವ, ಕಾರ್ಖಾನೆಯ ಎಲ್ಲರ ಕೈಗೂ ಕಟ್ಟಿದ ಉಪಕರಣವದು. ಹಸಿರಾದರೆ ಮುಂದಾಳತ್ವಕ್ಕೆ ಯೋಗ್ಯ, ಕೆಂಪಾದರೆ ಅಯೋಗ್ಯ. ಆಡಳಿತದ ನಿಯಮದಂತೆ ಸತತ ಮೂವತ್ತು ಸಭೆಗಳಲ್ಲೂ ಕೆಂಪಾದರೆ ಅವಳ ಹುದ್ದೆ, ಆರಕ್ಕೆ ಹಸಿರಾಗುವ ಒಬ್ಬನೇ ಒಬ್ಬ ಗುಮಾಸ್ತ ಭೀಮಶಿಯ ಪಾಲು. ಇಂದು ಇಪ್ಪತ್ತೊಂಬತ್ತನೆಯದು.

"ರಾತ್ರಿ ಬ್ಯಾಗ ಮಲಗ್ತೀನ್ರಿ ಡಾಕ್ಟರ್ರ, ನಿದ್ದಿನೇ ಬರಂಗಿಲ್ಲ," ಎಂದಳು ನೀಲಗಂಗಾ.

"ತಪ್ಪು ನಿಮ್ಮದಲ್ರೀ ಬಾಯಾರ," ಎಂದರು ಜಾವಪಟ್ಟಿಯನ್ನು ರೂಪಿಸಿದ ಡಾ. ಸೌದಾಗರ. "ಕೆಲವ್ರ ಒಳಗಡಿಯಾರ ಹುಟ್ಟಿನಿಂದನ ತಡಾ ಇರ್ತದ. ಬೈದ್ರ ಅದೇನು ಮುಂದ ಓಡಂಗಿಲ್ಲ."

"ಹಂಗಂತ ಆಡಳಿತದವ್ರಿಗೆ ಹೇಳ್ರಲಾ."

"ಹೇಳೀನ್ರಿ. ಅವ್ರು ಬಣ್ಣ ಅಷ್ಟ ನೋಡ್ತಾರ."

ಮರುದಿನ ಆರಕ್ಕೆ ಅಂಗಳ ಖಾಲಿ. ಭೀಮಶಿ ಒಬ್ಬನೇ ನಿಂತಿದ್ದ.

"ಮಂದಿ ಎಲ್ಲೋ?"

"ನೀವ ನಿನ್ನಿ ಎಲ್ಲಾರ್ಗೂ ಫೋನ್ ಮಾಡಿದ್ರಲ್ರೀ." ಅವನ ಗಂಟಲಿನಿಂದ ಅವಳದೇ ದನಿ ಹೊರಟಿತು: "'ನಾಳಿ ಸಭಾ ಹನ್ನೊಂದಕ್ಕ. ಲಗೂ ಬಂದೀರಿ ಮತ್ತ!'"

ಗಂಟೆ ಬಾರಿಸಲು ಎತ್ತಿದ ಕೈಯನ್ನು ನೀಲಗಂಗಾ ಇಳಿಸಿದಳು. "ನನ್ನ ಕುರ್ಚಿ ಹೆಂಗೂ ನಿನಗ ಬರ್ತಿತ್ತು. ಕಡೀ ದಿನ ಮಾನಾನೂ ಕಳದ್ಯಲ್ಲೋ."

ಭೀಮಶಿ ತಲೆ ತಗ್ಗಿಸಿದ.

ಹನ್ನೊಂದಕ್ಕೆ ಎಲ್ಲರೂ ಬಂದರು. ಮುಖಗಳಲ್ಲಿ ಕಳೆಯಿತ್ತು. ಅವಳು ಎಂದಿನಂತೆ ಕೆಲಸ ಹಂಚತೊಡಗಿದಳು, ನಡುವೆ ಯಾರೋ ಕೂಗಿದರು: "ಅಕ್ಕಾರ, ನಿಮ್ಮ ಕೈ ನೋಡ್ರಿ!"

ಹಸಿರು. ಸುತ್ತ ಮೂವತ್ತೆಂಟು ಕೈಗಳು, ಅವೂ ಹಸಿರು.

ಸೌದಾಗರ ನಿಯಮದ ಹಾಳೆ ತೆರೆದರು. "'ಸಭೆಯ ಹೊತ್ತಿನಲ್ಲಿ' ಅಂತ ಅಷ್ಟ ಅದ. ಆರು ಅಂತ ಎಲ್ಲೂ ಇಲ್ಲ. ನಾನು ಮಂದೀನ ಅಳೆದೆ, ಹೊತ್ತನ್ನ ಅಳೀಲಿಲ್ಲ... ಅಲ್ಲ, ಆರು ಯಾರು ಇಟ್ಟಿದ್ದು?"

"ಆರೂಕಾಲಿಗೆ ಹಾಲಿನ ರೈಲು ಬರ್ತಿತ್ತಲ್ರೀ," ಎಂದ ಭೀಮಶಿ.

ಆ ರೈಲು ನಿಂತು ಹನ್ನೆರಡು ವರ್ಷ. ಅಂದಿನಿಂದಲೂ ದಿನಾ ಆರಕ್ಕೆ ತಪ್ಪದೆ ಗಂಟೆ ಬಾರಿಸಿ ಎಲ್ಲರ ನಿದ್ದೆ ಕೆಡಿಸಿದವಳು ನೀಲಗಂಗಾ ತಾನೇ.

"ನಿನ್ನ ಬಡ್ತಿ ಹೋತಲ್ಲೋ ಹುಚ್ಚಾ," ಎಂದಳು ಮೆಲ್ಲಗೆ.

"ಹೋಗ್ಲಿ ಬಿಡ್ರಿ. ಆ ಕುರ್ಚಿಯಾಗ ಕುಂತ್ರ ನಾ ಯಾರ ದನಿ ಮಾಡ್ಲಿ?"

ಬಾಯಿಗೆ ಕೈ ಅಡ್ಡ ಹಿಡಿದು ಭೀಮಶಿ ಉದ್ದಕ್ಕೆ ರೈಲಿನ ಸಿಳ್ಳೆ ಹಾಕಿದ. ಹನ್ನೆರಡು ವರ್ಷ ತಡವಾಗಿ ಬಂದ ಆ ರೈಲಿಗೆ ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಳ್ಳುತ್ತ, ನೀಲಗಂಗಾ.